ಡಿಸ್ಕ್ ಸತ್ತಿಲ್ಲ, ಹುಡುಕುತ್ತಿದೆ

ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ದುಡಿಸುವ ರೇಡ್ ಜೋಡಣೆಯಿಂದ ಹೊರಬಿದ್ದ ಹಾರ್ಡ್‌ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಎಷ್ಟೋ ಸಲ ಅದು ಸಲೀಸಾಗಿ ತಿರುಗುತ್ತದೆ, ಓದುತ್ತದೆ, ಬರೆಯುತ್ತದೆ. ಹಾಗಾದರೆ ಕೆಟ್ಟಿದ್ದು ಯಾವುದು?

ಬಹುಶಃ ಒಂದೇ ಒಂದು ಸೆಕ್ಟರ್, 4096 ಬೈಟ್ ಹಿಡಿಯುವಷ್ಟು ಜಾಗ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ ಆ ಜಾಗ ಸೆಕೆಂಡಿಗೆ 120 ಸಲ ಓದುವ ಹೆಡ್ಡಿನ ಕೆಳಗೆ ಹಾದುಹೋಗುತ್ತದೆ. ಓದಲು ಬಾರದಿದ್ದರೆ ಡಿಸ್ಕ್ ಮುಂದಿನ ಸುತ್ತಿಗೆ ಕಾಯುತ್ತದೆ, ಹೆಡ್ಡನ್ನು ಚೂರೇ ಚೂರು ಸರಿಸಿ ಮತ್ತೆ ನೋಡುತ್ತದೆ. ಮನೆಬಳಕೆಯ ಡಿಸ್ಕ್‌ಗಳು ಹೀಗೆ ಎರಡು ನಿಮಿಷ ಮೀರಿ ಹೆಣಗುವುದುಂಟು. ಅಷ್ಟರಲ್ಲಿ ತಟ್ಟೆ 14,000 ಸುತ್ತು ದಾಟಿರುತ್ತದೆ!

ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಹಾಕಿ ತೆಗೆಯುವುದನ್ನು ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಹಗ್ಗ ಇಳಿಬಿಟ್ಟವನ ಜೀವವೆಲ್ಲ ಬೆರಳ ತುದಿಯಲ್ಲಿರುತ್ತದೆ. ಕೊಕ್ಕೆ ತಗುಲಿದ್ದು ಕೆಸರಿಗೋ ಕೊಡದ ಕಂಠಕ್ಕೋ ಎಂಬುದನ್ನು ಹಗ್ಗ ಅದುರುವುದರಲ್ಲೇ ತಿಳಿಯಬೇಕು. ಆಗ ಮನೆಯೊಳಗಿನಿಂದ ಯಾರು ಕೂಗಿದರೂ ಅವನು ಓಗೊಡುವುದಿಲ್ಲ. ಕೂಗಿದವರಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ: ಇವನೇ ಬಾವಿಗೆ ಬಿದ್ದನೇ?

ಇಲ್ಲಿ ಕೂಗುವುದು ಕಂಪ್ಯೂಟರ್ ನಡೆಸುವ ಲಿನಕ್ಸ್. ಅದು ಉತ್ತರಕ್ಕೆ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ. ಆಮೇಲೆ ರೀಸೆಟ್ ಆಜ್ಞೆ ಕಳಿಸುತ್ತದೆ. ಹುಡುಕಾಟದಲ್ಲಿ ಮುಳುಗಿದ ಡಿಸ್ಕ್ ಅದಕ್ಕೂ ಉತ್ತರಿಸದಿದ್ದರೆ ಸತ್ತಿತೆಂದೇ ಲೆಕ್ಕ. ರೇಡ್ ಅದನ್ನು ಹೊರಗಿಡುತ್ತದೆ. ಹೊಸ ಡಿಸ್ಕ್ ಹಾಕಿ ದತ್ತಾಂಶ ತುಂಬಿಸುವಾಗ ಇನ್ನೊಂದು ಡಿಸ್ಕಿಗೂ ಇದೇ ಗತಿಯಾದರೆ, ಇಡೀ ಜೋಡಣೆಯೇ ಮುಗ್ಗರಿಸಬಹುದು.

ಸಂಕಟವೆಂದರೆ, ಅಷ್ಟು ಹುಡುಕುವ ಅಗತ್ಯವೇ ಅಲ್ಲಿರಲಿಲ್ಲ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ 1988ರಲ್ಲಿ ರೇಡ್ ಬಗ್ಗೆ ಬರೆದಾಗಿನಿಂದ ಅದರ ತಿರುಳು ಒಂದೇ: ಒಂದರಲ್ಲಿ ಕಳೆದದ್ದನ್ನು ಉಳಿದವುಗಳಿಂದ ಮರಳಿ ಪಡೆಯುವುದು. ಅದಕ್ಕೇ ಎನ್‌ಎಎಸ್ (ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆ) ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಚೆಲ್ಲಿ 'ಸಿಗಲಿಲ್ಲ' ಎಂದುಬಿಡುತ್ತವೆ. ರೇಡ್ ಬೇರೆ ಡಿಸ್ಕ್‌ಗಳಿಂದ ಆ ತುಣುಕನ್ನು ಲೆಕ್ಕಹಾಕಿ ಅದೇ ಜಾಗಕ್ಕೆ ಮತ್ತೆ ಬರೆಯುತ್ತದೆ. ಡಿಸ್ಕ್ ಹೀಗೆ ಬೇಗ ಕೈಚೆಲ್ಲುವುದನ್ನು ವೆಸ್ಟರ್ನ್ ಡಿಜಿಟಲ್ ಟಿಎಲ್‌ಇಆರ್ ಎನ್ನುತ್ತದೆ. ಡಿಸ್ಕ್ ಕೊಳ್ಳುವವರಿಗೆ ಎಷ್ಟು ಟೆರಾಬೈಟ್ ಎಂಬುದರಷ್ಟೇ ಮುಖ್ಯವಾದ ಈ ಸಂಗತಿಯನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚುಹಾಕಬೇಕು.

ಈಗಾಗಲೇ ಕೊಂಡವರಿಗೂ ದಾರಿಯಿದೆ. ಡಿಸ್ಕ್ ಒಪ್ಪುವುದಾದರೆ ಸ್ಮಾರ್ಟ್‌ಸಿಟಿಎಲ್ ಆಜ್ಞೆಯಿಂದ ಅದರ ಹುಡುಕಾಟಕ್ಕೆ 7 ಸೆಕೆಂಡಿನ ಮಿತಿ ಹಾಕಬಹುದು. ಒಪ್ಪದಿದ್ದರೆ ಲಿನಕ್ಸ್ ಕಾಯುವ ಹೊತ್ತನ್ನೇ 180 ಸೆಕೆಂಡಿಗೆ ಏರಿಸಬೇಕು. ಕರೆಂಟು ಹೋಗಿಬಂದರೆ ಹಲವು ಡಿಸ್ಕ್‌ಗಳು ಹೇಳಿದ್ದನ್ನು ಮರೆಯುತ್ತವೆ, ಲಿನಕ್ಸ್ ಕೂಡ 30ಕ್ಕೇ ಮರಳುತ್ತದೆ. ಆದ್ದರಿಂದ ಯಂತ್ರ ಬೂಟ್ ಆದಾಗಲೆಲ್ಲ ಇವೆರಡರಲ್ಲಿ ಬೇಕಾದ ಆಜ್ಞೆ ತಾನಾಗಿ ನಡೆಯುವಂತೆ ಸ್ಕ್ರಿಪ್ಟಿನಲ್ಲಿ ಬರೆದಿಡಬೇಕು.