ಗಾಜಿನ ಮಣಿಯ ತೂಕ

ತಿರುಪತಿಗೆ ಸಮೀಪದ ಪಾಪಾನಾಯ್ಡುಪೇಟೆಯಲ್ಲಿ ಗಾಜಿನ ಮಣಿ ಮಾಡುವ ಕ್ರಮ ಶ್ಯಾವಿಗೆ ಎಳೆಯುವುದನ್ನು ನೆನಪಿಸುತ್ತದೆ. ಕರಗಿದ ಗಾಜನ್ನು ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ದೊಡ್ಡ ಮುದ್ದೆಯಾಗಿ ಹಿಡಿಸುತ್ತಾರೆ; ಆ ಕೊಳವೆಯ ಹೆಸರು ಲಾಡ. ಒಳಗಿನಿಂದ ಸಲಾಕೆ ತೂರಿಸಿ ಮುದ್ದೆಯ ನಡುವೆ ತೂತು ಮಾಡಿ, ಕುಲುಮೆಯ ಬಾಯಿಗೆ ಇಡುತ್ತಾರೆ. ಇನ್ನೊಂದು ಬದಿಯಲ್ಲಿ ಕೂತ ಕಸುಬುದಾರ ಕೊಕ್ಕೆಯಿಂದ ತುದಿ ಹಿಡಿದು ಎಳೆಯತೊಡಗಿದರೆ ತೆಳ್ಳನೆಯ ಗಾಜಿನ ನಾಳ ಕಡಿಯದೆ ಹೊರಬರುತ್ತದೆ. ತೂತೂ ನಾಳದ ಜೊತೆಗೇ ಎಳೆದುಕೊಂಡು ಬರುವುದರಿಂದ ಒಂದೊಂದೇ ಮಣಿ ಹಿಡಿದು ಕೊರೆಯುವ ಕೆಲಸವಿಲ್ಲ. ಆಮೇಲೆ ನಾಳವನ್ನು ಚೂರುಚೂರಾಗಿ ಕತ್ತರಿಸಿ, ತೂತು ಮುಚ್ಚಿಹೋಗದಂತೆ ಬೂದಿಯಲ್ಲಿ ಕಲಸಿ, ಮತ್ತೆ ಕಾಯಿಸಿದರೆ ಅಂಚಿನ ಚೂಪು ಹೋಗಿ ಮಣಿ ಉರುಟಾಗುತ್ತದೆ. ಹೀಗೆ ಎಳೆದು ಕತ್ತರಿಸಿದ ಮಣಿಗಳು ಎರಡು ಸಾವಿರ ವರ್ಷಗಳ ಹಿಂದೆಯೇ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ತಯಾರಾಗುತ್ತಿದ್ದವು. ಅಮೆರಿಕದ ಮಣಿ ಸಂಶೋಧಕ ಪೀಟರ್ ಫ್ರಾನ್ಸಿಸ್ ಇವುಗಳಿಗೆ ಇಂಡೋ-ಪೆಸಿಫಿಕ್ ಮಣಿ ಎಂದು ಹೆಸರಿಟ್ಟರು. ಪೂರ್ವ ಆಫ್ರಿಕಾದಿಂದ ಕೊರಿಯಾದವರೆಗೆ ನೆಲ ಅಗೆದಲ್ಲೆಲ್ಲ ಇವು ಸಿಗುತ್ತವೆ ಎಂದ ಮೇಲೆ ಆ ಹೆಸರೇನೂ ಅತಿಯಲ್ಲ.

ಇಷ್ಟು ದೂರ ತಿರುಗಿದ ವಸ್ತುವಿಗೆ ಚರಿತ್ರೆಯಲ್ಲಿ ಸಿಕ್ಕಿರುವುದು ಮಾತ್ರ ಮೋಸದ ಸರಕು ಎಂಬ ಹಣೆಪಟ್ಟಿ. ಬಿಳಿಯರು ಬೆಲೆಯಿಲ್ಲದ ಗಾಜಿನ ಮಣಿ ಕೊಟ್ಟು ಮುಗ್ಧರಿಂದ ಚಿನ್ನ, ದಂತ, ಭೂಮಿ ಕಿತ್ತುಕೊಂಡರು ಎಂಬ ಕಥೆ ಕೇಳದವರಿಲ್ಲ. ಅದರ ಹೆಸರಾಂತ ಉದಾಹರಣೆ ಮ್ಯಾನ್‌ಹ್ಯಾಟನ್ ದ್ವೀಪದ್ದು. ಆ ಖರೀದಿಗೆ ಉಳಿದಿರುವ ಸಮಕಾಲೀನ ಆಧಾರ 1626ರ ಒಂದು ಡಚ್ ಪತ್ರ. ಅದರಲ್ಲಿರುವುದು 60 ಗಿಲ್ಡರ್ ಬೆಲೆಗೆ ದ್ವೀಪ ಕೊಂಡರೆಂಬ ಮಾತಷ್ಟೇ; ಮಣಿಯ ಸುದ್ದಿಯೇ ಇಲ್ಲ. ಮಣಿ ಆ ಕಥೆಯೊಳಗೆ ಸೇರಿಕೊಂಡದ್ದು 19ನೇ ಶತಮಾನದಲ್ಲಿ. ಕೊಂಡವರ ಮೊಮ್ಮಕ್ಕಳಿಗೆ ಮಾರಿದವರು ದಡ್ಡರಾಗಿ ಕಾಣಬೇಕಿತ್ತು ಅನ್ನಿಸುತ್ತದೆ.

ಮಣಿ ಕೊಂಡವರು ದಡ್ಡರಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿಯನ್ನು ಮಾರಲು ಹೋದವರೇ ಬರೆದಿಟ್ಟಿದ್ದಾರೆ. 1871ರಲ್ಲಿ ಅನ್ವೇಷಕ ಲಿವಿಂಗ್‌ಸ್ಟನ್‌ನನ್ನು ಹುಡುಕಲು ಝಾಂಝಿಬಾರ್‌ನಿಂದ ಹೊರಟ ಪತ್ರಕರ್ತ ಸ್ಟ್ಯಾನ್ಲಿಗೆ ದೊಡ್ಡ ತಲೆನೋವಾದದ್ದು ಯಾವ ಮಣಿಯನ್ನು ಎಷ್ಟು ಒಯ್ಯಬೇಕೆಂಬ ಲೆಕ್ಕ. ಪೂರ್ವ ಆಫ್ರಿಕಾದ ಉಗೊಗೊ ಸೀಮೆಯಲ್ಲಿ ನಡೆಯುವ ಕಪ್ಪು ಮಣಿಯನ್ನು ಪಕ್ಕದ ಸೀಮೆಯವರು ಮುಟ್ಟುತ್ತಿರಲಿಲ್ಲ. ಸಾಮಿಸಾಮಿ ಎಂಬ ಕೆಂಪು ಮಣಿ ಬೇಕೆಂದವರಿಗೆ ಬಿಳಿಯದನ್ನು ತೋರಿಸಿ ಪ್ರಯೋಜನವಿರಲಿಲ್ಲ. ಬಣ್ಣ ತಪ್ಪಿದರೆ ಹೊರೆಗಟ್ಟಲೆ ಮಣಿಯೂ ದಾರಿಯಲ್ಲಿ ಬಿಸಾಡುವ ಭಾರ. ಇದಕ್ಕೂ ಹಿಂದೆ, ಸಾವಿರ ವರ್ಷದಷ್ಟು ಹಳೆಯ ಕಾಲದಲ್ಲಿ, ದಕ್ಷಿಣ ಆಫ್ರಿಕಾದ ಲಿಂಪೊಪೊ ಕಣಿವೆಯ ಜನ ಹಡಗಿನಲ್ಲಿ ಬಂದ ಸಣ್ಣ ಮಣಿಗಳನ್ನು ಮತ್ತೆ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ತಮಗೆ ಬೇಕಾದ ದೊಡ್ಡ ಮಣಿ ಎರೆದುಕೊಳ್ಳುತ್ತಿದ್ದರು. ಅಲ್ಲೇ ಹತ್ತಿರದ ಮಾಪುಂಗುಬ್ವೆಯ ಅರಸುಮನೆತನದ ಸಮಾಧಿಗಳಲ್ಲಿ ಚಿನ್ನವೂ ಗಾಜಿನ ಮಣಿಯೂ ಒಟ್ಟಿಗೇ ಸಿಕ್ಕಿವೆ. ಅವರಿಗೆ ಚಿನ್ನ ನೆಲದಲ್ಲೇ ಸಿಗುತ್ತಿತ್ತು, ಗಾಜು ಸಮುದ್ರ ದಾಟಿ ಬರಬೇಕಿತ್ತು. ಅವರ ಕಡೆಯಿಂದ ನೋಡಿದರೆ ಯಾವುದು ಅಪರೂಪದ್ದೆಂದು ಬೇರೆ ಹೇಳಬೇಕಿಲ್ಲ.

ವೆನಿಸ್‌ನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಮಣಿಗೆ ಆನೆಯ ದಂತ ಪಡೆಯುವುದು ಅನ್ಯಾಯವಲ್ಲವೇ ಎಂದು ಕೇಳಬಹುದು. ಹಾಗಾದರೆ ಮೆಣಸಿನ ಮಾತೇನು? ಗೇರುಸೊಪ್ಪೆಯ ಕಾಡಿನಲ್ಲಿ ಬಳ್ಳಿಗೆ ತೂಗುತ್ತಿದ್ದ ಕಾಳಿಗೆ ಲಿಸ್ಬನ್‌ನಲ್ಲಿ ಎಷ್ಟೋ ಪಟ್ಟು ಬೆಲೆ ಬರುತ್ತಿತ್ತು. ಅಲ್ಲಿನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದರೇ ಹೊರತು, ಆಕೆ ಕಾಡುಬಳ್ಳಿಯ ಕಾಯಿ ಕೊಟ್ಟು ಯುರೋಪನ್ನು ವಂಚಿಸಿದಳು ಎಂದು ಯಾರೂ ಬರೆಯಲಿಲ್ಲ. ಒಂದು ಕಡೆ ಹೇರಳವಾದದ್ದು ಇನ್ನೊಂದು ಕಡೆ ದುರ್ಲಭ ಎಂಬುದರಿಂದಲೇ ದೂರದ ವ್ಯಾಪಾರವೆಲ್ಲ ಹುಟ್ಟುವುದು.

ಆದರೆ ಮಣಿಗೆ ಮನುಷ್ಯರನ್ನೇ ಕೊಂಡದ್ದುಂಟು, ಅದಕ್ಕೇನು ಹೇಳುತ್ತೀರಿ ಎಂಬ ಆಕ್ಷೇಪ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಅಲ್ಲಿ ನಡೆದದ್ದು ಘೋರ. ಆದರೆ ಆ ಘೋರ ಮಣಿಯ ಅಗ್ಗದಲ್ಲಿ ಇತ್ತೇ? ಗುಲಾಮನಿಗೆ ಬದಲಾಗಿ ಅಪ್ಪಟ ಚಿನ್ನವನ್ನೇ ತೂಗಿ ಕೊಟ್ಟಿದ್ದರೆ ಅಪರಾಧ ಒಂದು ಗುಲಗಂಜಿಯಷ್ಟೂ ಹಗುರವಾಗುತ್ತಿರಲಿಲ್ಲ. ಮಣಿ ಬೆಲೆಯಿಲ್ಲದ್ದು ಎಂದು ಹಳಹಳಿಸುವವರು, ಮನುಷ್ಯನಿಗೆ ತಕ್ಕ ಬೆಲೆಯೊಂದಿತ್ತು ಎಂದು ತಿಳಿಯದೆಯೇ ಒಪ್ಪಿಬಿಡುತ್ತಾರೆ. ನಿಜವಾದ ಅಸಮತೆ ಪೂರೈಕೆಯಲ್ಲಿತ್ತು. ಪಶ್ಚಿಮ ಆಫ್ರಿಕಾದಲ್ಲಿ ಹಣವಾಗಿ ನಡೆಯುತ್ತಿದ್ದ ಕವಡೆಯನ್ನು 19ನೇ ಶತಮಾನದಲ್ಲಿ ಯುರೋಪಿನ ವರ್ತಕರು ಝಾಂಝಿಬಾರ್‌ನಿಂದ ಹಡಗುಗಟ್ಟಲೆ ತಂದು ಸುರಿದಾಗ, ಕವಡೆಯಲ್ಲಿ ಕೂಡಿಟ್ಟವರ ಸಂಪತ್ತು ಕೂತಲ್ಲೇ ಕರಗಿತು. ಬೆಲೆ ಜನರ ಒಪ್ಪಂದ ನಿಜ. ಎಷ್ಟು ಸರಕು ಬರಬೇಕು ಎಂಬುದನ್ನು ಒಬ್ಬನೇ ನಿರ್ಧರಿಸುವಾಗ ಆ ಒಪ್ಪಂದ ಅವನ ಕೈಗೆ ಹೋಗುತ್ತದೆ. ದೂರಬೇಕಾದದ್ದು ಅದನ್ನು, ಮಣಿಯನ್ನಲ್ಲ.

ಗಾಜಿಗೆ ಮರುಳಾದವರು ಎಲ್ಲೋ ದೂರದಲ್ಲಿದ್ದರು ಎಂದು ನಾವು ಅಂದುಕೊಳ್ಳುವ ಹಾಗೂ ಇಲ್ಲ. ತಾಳಿ ಸರ ಮಾರಲು ಹೋದರೆ ಚಿನಿವಾರ ಪೇಟೆಯಲ್ಲಿ ಚಿನ್ನದ ಲೆಕ್ಕ ಹಾಕುವಾಗ ಕರಿಮಣಿಯ ತೂಕ ಕಳೆಯುತ್ತಾರೆ. ತಕ್ಕಡಿಗೆ ಅದು ಬರೀ ಗಾಜು. ಕಷ್ಟಕಾಲದಲ್ಲಿ ಸರದ ಚಿನ್ನವನ್ನೆಲ್ಲ ಅಡವಿಟ್ಟ ಹೆಂಗಸು ಕೊರಳಲ್ಲಿ ಉಳಿಸಿಕೊಳ್ಳುವುದು ಮಾತ್ರ ಆ ಗಾಜನ್ನೇ.