ನಿಮಗಿದು ಗೊತ್ತೆ? ಖಂಡಗಳು ಸರಿಯುತ್ತವೆ ಎಂದವರು ಹವಾಮಾನ ತಜ್ಞ!

ಭೂಖಂಡಗಳು ಒಂದು ಕಾಲದಲ್ಲಿ ಕೂಡಿಕೊಂಡಿದ್ದು, ಆಮೇಲೆ ದೂರ ಸರಿದವು ಎಂದು 1912ರಲ್ಲಿ ವಾದಿಸಿದವರು ಜರ್ಮನಿಯ ಹವಾಮಾನ ತಜ್ಞ ಆಲ್‌ಫ್ರೆಡ್ ವೆಗೆನರ್. ದಕ್ಷಿಣ ಅಮೆರಿಕ ಮತ್ತು ಆಫ್ರಿಕಾದ ಕರಾವಳಿಗಳು ಒಂದಕ್ಕೊಂದು ಹೊಂದುವುದಷ್ಟೇ ಅಲ್ಲ, ಮಹಾಸಾಗರ ಈಜಿ ದಾಟಲಾರದ ಮೆಸೊಸಾರಸ್ ಎಂಬ ಪುಟ್ಟ ಸರೀಸೃಪದ ಪಳೆಯುಳಿಕೆ ಎರಡೂ ಕಡೆ ಸಿಕ್ಕಿತ್ತು.

ಆದರೆ ಖಂಡಗಳನ್ನೇ ಸರಿಸುವ ಶಕ್ತಿ ಯಾವುದು? ವೆಗೆನರ್ ಕೊಟ್ಟ ಉತ್ತರ ಯಾರಿಗೂ ಸಮಾಧಾನ ತರಲಿಲ್ಲ. ಹೆಚ್ಚಿನ ಭೂವಿಜ್ಞಾನಿಗಳು ಅವರ ವಾದವನ್ನು ತಳ್ಳಿಹಾಕಿದರು. 1930ರಲ್ಲಿ ಗ್ರೀನ್‌ಲ್ಯಾಂಡ್ ಸಂಶೋಧನಾ ಯಾತ್ರೆಯಲ್ಲಿ ಅವರು ತೀರಿಕೊಂಡರು.

ಗಟ್ಟಿ ಪುರಾವೆ ಸಿಕ್ಕಿದ್ದು ಕಡಲ ತಳದಲ್ಲಿ. ಸಾಗರಮಧ್ಯದ ಪರ್ವತಸಾಲಿನಲ್ಲಿ ಶಿಲಾರಸ ಉಕ್ಕಿ ಹೊಸ ನೆಲ ಹುಟ್ಟುತ್ತದೆ, ಹಳೆಯದು ಎರಡೂ ಬದಿಗೆ ಸರಿಯುತ್ತದೆ. ಇಕ್ಕೆಲಗಳ ಶಿಲೆಗಳಲ್ಲಿ ಒಂದೇ ಬಗೆಯ ಕಾಂತೀಯ ಪಟ್ಟೆಗಳಿರಲು ಇದೇ ಕಾರಣವೆಂದು ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ವಿವರಿಸಿದರು. ಆ ದಶಕ ಮುಗಿಯುವಷ್ಟರಲ್ಲಿ ಖಂಡಗಳನ್ನು ಹೊತ್ತ ಭೂಮಿಯ ಹೊರಪದರ ಸರಿದಾಡುವ ಫಲಕಗಳಾಗಿ ಒಡೆದಿದೆ ಎನ್ನುವ ಭೂಫಲಕಗಳ ಸಿದ್ಧಾಂತಕ್ಕೆ ಮನ್ನಣೆ ಸಿಕ್ಕಿತು.

ಖಂಡಗಳು ಸರಿದ ಕುರುಹು ನಮ್ಮಲ್ಲೂ ಇದೆ: ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಮತ್ತು ಭಾರತ ಬೇರೆಯಾಗುತ್ತಿದ್ದಾಗ ಹರಿದ ಲಾವಾ ತಣಿದು ರೂಪುಗೊಂಡವು.