ಬಾತುಕೋಳಿ ಯಾಕೆ ಬೀಳುತ್ತಿಲ್ಲ?

ತೊಂಬತ್ತರ ದಶಕದ ವಿಡಿಯೊ ಗೇಮನ್ನು ಅಟ್ಟದಿಂದ ಇಳಿಸಿ, ದೂಳು ಒರೆಸಿ, ಗೋಡೆಗೆ ತೂಗುಹಾಕಿದ ಹೊಸ ಎಲ್‌ಇಡಿ ಟಿ.ವಿ.ಗೆ ಜೋಡಿಸಿದವರು ಒಂದು ಕಡೆ ಪೆಚ್ಚಾಗುತ್ತಾರೆ. ಮಾರಿಯೊ ಓಡುತ್ತಾನೆ, ಹಾರುತ್ತಾನೆ. ಕಾಂಟ್ರಾದ ಸೈನಿಕರು ಗುಂಡು ಸುರಿಸುತ್ತಾರೆ. ಆದರೆ ‘ಡಕ್ ಹಂಟ್’ನ ಬಾತುಕೋಳಿಗೆ ಎಷ್ಟೇ ಗುರಿಯಿಟ್ಟು ಹೊಡೆದರೂ ಒಂದೂ ಬೀಳುವುದಿಲ್ಲ. ಗನ್ ಕೆಟ್ಟಿರಬೇಕು ಎಂದುಕೊಂಡು ಅದನ್ನು ಮೂಲೆಗೆಸೆಯುತ್ತಾರೆ. ಪಾಪ, ಗನ್ನಿನ ತಪ್ಪೇನೂ ಇಲ್ಲ. ಆಟದ ಅರ್ಧ ಭಾಗ ಇದ್ದದ್ದೇ ಹಳೆಯ ಡಬ್ಬ ಟಿ.ವಿ.ಯ ಗಾಜಿನೊಳಗೆ. ಅದನ್ನು ನಾವು ಯಾವತ್ತೋ ಗುಜರಿಗೆ ಹಾಕಿದ್ದೇವೆ.

ನಮ್ಮಲ್ಲಿ ಹತ್ತಾರು ಹೆಸರಿನಲ್ಲಿ ಮಾರಾಟವಾದ ಆ ಯಂತ್ರಗಳು ಹೆಚ್ಚಾಗಿ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ‘ಫ್ಯಾಮಿಕಾಮ್’ನ ನಕಲುಗಳು. ಅದರ ತಲೆಗೆ ಸಿಕ್ಕಿಸುವ ಡಬ್ಬಿಯನ್ನು ನಾವು ಕ್ಯಾಸೆಟ್ ಎನ್ನುತ್ತಿದ್ದೆವು. ಮೇಲೆ ಸಾವಿರಗಟ್ಟಲೆ ಆಟಗಳೆಂದು ಬರೆದಿದ್ದರೂ ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯಷ್ಟು. ಅಸಲಿ ಫ್ಯಾಮಿಕಾಮ್‌ನ ಪ್ರೊಸೆಸರ್ ವೇಗ 1.79 ಮೆಗಾಹರ್ಟ್ಸ್, ಕೆಲಸದ ಮೆಮೊರಿ 2 ಕೆ.ಬಿ. ನೀವು ಈಗಷ್ಟೇ ಓದಿದ ಈ ಎರಡು ಪ್ಯಾರಾಗಳೂ ಅದರಲ್ಲಿ ಹಿಡಿಸುವುದಿಲ್ಲ. ಚಿತ್ರಕ್ಕೆಂದೇ ಪ್ರತ್ಯೇಕವಾಗಿ ಇಟ್ಟಿದ್ದ ಮೆಮೊರಿಯೂ ಅಷ್ಟೇ, ಇನ್ನೊಂದು 2 ಕೆ.ಬಿ. ಪರದೆಯ ಮೇಲಾದರೋ 256 ಅಡ್ಡ, 240 ಉದ್ದ, ಅಂದರೆ 61,440 ಚುಕ್ಕೆಗಳು. ಇಡೀ ಚಿತ್ರವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಅದಕ್ಕೆ ಸಾಧ್ಯವೇ ಇರಲಿಲ್ಲ. ಹಾಗಾಗಿ ಟಿ.ವಿ. ಯಾವ ಚುಕ್ಕೆಯನ್ನು ಬೆಳಗಿಸಲಿದೆಯೋ ಆ ಚುಕ್ಕೆಯ ಬಣ್ಣವನ್ನು ಅದೇ ಕ್ಷಣದಲ್ಲಿ ಲೆಕ್ಕಹಾಕಿ ಕಳಿಸುತ್ತಿತ್ತು. ಕೆಲಸ ನಡೆಯುತ್ತಿದ್ದದ್ದು ಟಿ.ವಿ.ಯ ತಾಳಕ್ಕೆ.

ಆ ತಾಳ ಎಂಥದ್ದೆಂದು ನೋಡಬೇಕು. ಪಿಕ್ಚರ್ ಟ್ಯೂಬಿನ ಮೂಲ ರೂಪವನ್ನು 1897ರಲ್ಲಿ ಮಾಡಿ ತೋರಿಸಿದವರು ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್. ಟ್ಯೂಬಿನ ಕುತ್ತಿಗೆಯಲ್ಲಿ ಹೊರಟ ಇಲೆಕ್ಟ್ರಾನುಗಳು ಸಾವಿರಾರು ವೋಲ್ಟಿನ ಸೆಳೆತಕ್ಕೆ ಸಿಕ್ಕಿ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಲೇಪಕ್ಕೆ ಅಪ್ಪಳಿಸುತ್ತವೆ. ಬಿದ್ದ ಜಾಗ ಮಿನುಗುತ್ತದೆ. ಈ ಕಿರಣ ಮೇಲಿನ ಎಡಮೂಲೆಯಿಂದ ಶುರುಮಾಡಿ, ಗೆರೆಯ ಕೆಳಗೆ ಗೆರೆ ಎಳೆಯುತ್ತ ಬಲಮೂಲೆಗೆ ಇಳಿಯುತ್ತದೆ. ದೂರದರ್ಶನ ಬಳಸಿದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 15,625 ಗೆರೆ. ಕಿರಣ ಮುಂದೆ ಹೋಗುತ್ತಿದ್ದಂತೆ ಹಿಂದಿನ ಚುಕ್ಕೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡಿನೊಳಗೆ ಬಹುಪಾಲು ಆರಿಹೋಗುತ್ತದೆ. ಅಂದರೆ ಯಾವುದೇ ಒಂದು ಗಳಿಗೆಯಲ್ಲಿ ಪರದೆಯ ಮೇಲೆ ಬೆಳಗುತ್ತಿರುವುದು ಒಂದು ಸಣ್ಣ ಪಟ್ಟಿ ಮಾತ್ರ, ಉಳಿದದ್ದೆಲ್ಲ ಕತ್ತಲು. ಹಳೆಯ ಮದುವೆ ವಿಡಿಯೊದಲ್ಲಿ ಹಿಂದೆಲ್ಲೋ ಟಿ.ವಿ. ಇದ್ದರೆ ಅದರ ಮೇಲೆ ಕಪ್ಪು ಪಟ್ಟಿ ಉರುಳುವುದನ್ನು ನೋಡಿರುತ್ತೀರಿ. ಕ್ಯಾಮೆರಾ ಹಿಡಿದ ಆ ಕಳ್ಳತನ ನಮ್ಮ ಕಣ್ಣಿಗೆ ಸಿಕ್ಕುವುದಿಲ್ಲ. ಕೊಳ್ಳಿಯನ್ನು ಗಿರಗಿರನೆ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದಲ್ಲ, ಹಾಗೆ. ಗೌಡಪಾದರು ಮಾಂಡೂಕ್ಯ ಕಾರಿಕೆಯ ಕೊನೆಯ ಪ್ರಕರಣದಲ್ಲಿ ಜಗತ್ತಿನ ತೋರಿಕೆಗೆ ದೃಷ್ಟಾಂತವಾಗಿ ಎತ್ತಿಕೊಂಡದ್ದು ಇದೇ ಕೊಳ್ಳಿಯನ್ನು, ಟಿ.ವಿ. ಕಾರ್ಖಾನೆಯವರು ಅದರಿಂದ ಹೊಟ್ಟೆ ಹೊರೆದರು.

ಈಗ ಗನ್ನಿಗೆ ಬರೋಣ. ಇದರ ಹಿಂದೊಂದು ಸೊಗಸಾದ ಕತೆಯಿದೆ. ಮಸಾಯುಕಿ ಉಎಮುರಾ ಎಂಬ ಎಂಜಿನಿಯರ್ ಮೊದಲು ಶಾರ್ಪ್ ಕಂಪನಿಯಲ್ಲಿದ್ದರು. ಬೆಳಕು ಬಿದ್ದರೆ ವಿದ್ಯುತ್ ಕೊಡುವ ಕೋಶಗಳನ್ನು ಮಾರಲು ನಿಂಟೆಂಡೊಗೆ ಹೋಗುತ್ತಿದ್ದರು. ಆಗಿನ್ನೂ ಆಟಿಕೆ ಕಂಪನಿಯಾಗಿದ್ದ ನಿಂಟೆಂಡೊ ಆ ಕೋಶಗಳಿಂದ ಬೆಳಕಿನ ಬಂದೂಕುಗಳನ್ನು ಮಾಡಿತು: ಬಂದೂಕು ಬೆಳಕು ಚಿಮ್ಮಿಸುತ್ತದೆ, ಗುರಿಯಲ್ಲಿರುವ ಕೋಶ ಅದನ್ನು ಹಿಡಿಯುತ್ತದೆ. ಉಎಮುರಾ ಆಮೇಲೆ ನಿಂಟೆಂಡೊವನ್ನೇ ಸೇರಿದರು, ಫ್ಯಾಮಿಕಾಮ್ ರೂಪಿಸಿದರು. ಟಿ.ವಿ. ಆಟದ ಗನ್ನಿನಲ್ಲಿ ಈ ವ್ಯವಸ್ಥೆ ತಿರುವುಮುರುವಾಯಿತು. ಕೋಶ ಗನ್ನಿನ ನಳಿಗೆಯೊಳಗೆ ಕೂತಿತು, ಬೆಳಕು ಬಾತುಕೋಳಿಯಿಂದ ಬರತೊಡಗಿತು. ನಾವೇನೋ ಗುಂಡು ಹಾರಿಸುತ್ತಿದ್ದೇವೆ ಅಂದುಕೊಂಡಿದ್ದೆವು. ನಿಜದಲ್ಲಿ ಬಾತುಕೋಳಿಯೇ ನಮ್ಮತ್ತ ಹಾರಿಸುತ್ತಿತ್ತು.

ಕುದುರೆ ಒತ್ತಿದ ಕೂಡಲೇ ಆಟ ಪರದೆಯನ್ನು ಒಂದು ಫ್ರೇಮಿನ ಮಟ್ಟಿಗೆ ಪೂರ್ತಿ ಕಪ್ಪಾಗಿಸುತ್ತದೆ. ಮುಂದಿನ ಫ್ರೇಮಿನಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಹಾಕುತ್ತದೆ. ಎರಡು ಹಕ್ಕಿಗಳಿದ್ದರೆ ಎರಡು ಚೌಕ, ಒಂದಾದಮೇಲೊಂದು. ಕಪ್ಪಿನಲ್ಲಿ ಏನೂ ಕಾಣದೆ, ಬಿಳಿಯಲ್ಲಿ ಬೆಳಕು ಕಂಡರೆ ಮಾತ್ರ ಏಟು ಬಿದ್ದಂತೆ. ಗನ್ನನ್ನು ಬಲ್ಬಿಗೆ ಹಿಡಿದು ಮೋಸಮಾಡುವ ಜಾಣರಿಗಾಗಿ ಆ ಕಪ್ಪು ಫ್ರೇಮು. ಒತ್ತಿದಾಗೆಲ್ಲ ಪರದೆ ಫಕ್ಕೆಂದು ಮಿಂಚುತ್ತಿದ್ದದ್ದು ಇದೇ ಕಾರಣಕ್ಕೆ. ಗಾಜಿಗೆ ಮೂತಿ ಒತ್ತಿ ಹೊಡೆಯುವ ಮಕ್ಕಳ ಉಪಾಯ ಮಾತ್ರ ಪಕ್ಕಾ ಫಲಿಸುತ್ತಿತ್ತು; ಅಷ್ಟು ಹತ್ತಿರದಲ್ಲಿ ನಳಿಗೆಗೆ ಚೌಕವಲ್ಲದೆ ಬೇರೇನೂ ಕಾಣುವುದಿಲ್ಲ.

ಅಸಲಿ ಗನ್ನಿನಲ್ಲಿ ಇನ್ನೂ ಒಂದು ಕಾವಲಿತ್ತು. ಸುಮಾರು 15 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಟಿ.ವಿ. ಗೆರೆಗಳು ಬೀಳುವ ವೇಗದಲ್ಲಿ ಮಿಡಿಯುವ ಬೆಳಕಿಗಷ್ಟೇ ಅದು ಓಗೊಡುತ್ತಿತ್ತು. ಕಿಟಕಿಯ ಬಿಸಿಲು, ಟ್ಯೂಬ್‌ಲೈಟು ಅದಕ್ಕೆ ಲೆಕ್ಕಕ್ಕಿಲ್ಲ. ಎಲ್‌ಇಡಿ ಟಿ.ವಿ.ಯಲ್ಲಿ ಇಂಥ ಗೆರೆಯ ಮಿಡಿತವೇ ಇಲ್ಲ. ಜೊತೆಗೆ ಅದು ಹಳೆಯ ಸಂಕೇತವನ್ನು ಡಿಜಿಟಲ್ ಮಾಡಿ, ಹಿಗ್ಗಿಸಿ, ನಯಮಾಡಿ ತೋರಿಸುವಷ್ಟರಲ್ಲಿ ಹಲವು ಫ್ರೇಮುಗಳು ಕಳೆದಿರುತ್ತವೆ. ಬಿಳಿ ಚೌಕ ಪರದೆಗೆ ಬರುವ ಮೊದಲೇ ಆಟ ತೀರ್ಪು ಕೊಟ್ಟಾಗಿರುತ್ತದೆ.

ಬಂದೂಕಿನ ಆಟಗಳದ್ದಷ್ಟೇ ಈ ಪಾಡು ಎನ್ನುವಂತಿಲ್ಲ. ಹೊಸ ಪರದೆಯಲ್ಲಿ ಹಳೆಯ ಆಟ ನೋಡಿ ‘ಇಷ್ಟು ಒರಟಾಗಿತ್ತೇ?’ ಎಂದು ಹಲವರಿಗೆ ಅನಿಸುತ್ತದೆ. ನೆನಪು ಸಿಹಿಯಾಗಿಸಿಕೊಂಡಿತ್ತು ಎಂದು ನಮ್ಮನ್ನೇ ನಾವು ಗೇಲಿಮಾಡಿಕೊಳ್ಳುತ್ತೇವೆ. ನನ್ನ ಮಟ್ಟಿಗೆ ಇಲ್ಲಿ ನೆನಪಿನ ಪರ ವಾದಿಸುವುದೇ ಸರಿ. ಸೆಗಾ ಕಂಪನಿಯ ‘ಸೋನಿಕ್’ ಆಟದಲ್ಲಿ (1991) ಜಲಪಾತವೊಂದಿದೆ. ಹತ್ತಿರದಿಂದ ನೋಡಿದರೆ ಅದು ಒಂದು ಬಿಟ್ಟು ಒಂದು ಉದ್ದಗೆರೆ, ಅಷ್ಟೇ. ಆದರೆ ಹಳದಿ ಪಿನ್ನಿನ ಕೇಬಲ್ಲಿನಲ್ಲಿ ಬಣ್ಣ ಮತ್ತು ಹೊಳಪು ಒಂದೇ ತಂತಿಯಲ್ಲಿ ಹರಿಯುವುದರಿಂದ ಅಕ್ಕಪಕ್ಕದ ಗೆರೆಗಳು ಕಲಸಿಹೋಗುತ್ತಿದ್ದವು, ನೀರಿನಾಚೆಯ ಬಂಡೆ ಮಸುಕಾಗಿ ಕಾಣುತ್ತಿತ್ತು. ಪಾರದರ್ಶಕ ಬಣ್ಣ ತೋರಿಸಲಾಗದ ಕಡೆ ಕಲಾವಿದರು ಕೇಬಲ್ಲಿನ ದೋಷವನ್ನೇ ಕುಂಚ ಮಾಡಿಕೊಂಡಿದ್ದರು. ಹೊಸ ಟಿ.ವಿ. ಪ್ರತಿ ಚುಕ್ಕೆಯನ್ನೂ ಚೊಕ್ಕವಾಗಿ ತೋರಿಸಿ ಜಲಪಾತವನ್ನು ಕಬ್ಬಿಣದ ಸರಳು ಮಾಡಿಬಿಡುತ್ತದೆ.

ಓಟದ ವಿಷಯದಲ್ಲೂ ಹಳೆಯದೇ ಮೇಲು. ಎಲ್‌ಇಡಿ ಪರದೆ ಒಂದು ಚಿತ್ರವನ್ನು ಮುಂದಿನದು ಬರುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕಣ್ಣು ಓಡುವ ಮಾರಿಯೊನ ಜೊತೆ ಜಾರುತ್ತಿರುತ್ತದೆ, ಚಿತ್ರ ನಿಂತೇ ಇರುತ್ತದೆ. ಅಕ್ಷಿಪಟಲದ ಮೇಲೆ ಅದು ಸವರಿಹೋಗುತ್ತದೆ. ಪಿಕ್ಚರ್ ಟ್ಯೂಬ್ ಮಿಂಚಿ ಮರೆಯಾಗುವುದರಿಂದ ಈ ತೊಂದರೆಯಿಲ್ಲ. 2001ರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ಯ ಪಂದ್ಯಗಳಿಗೆ ಅಮೆರಿಕದ ಹುಡುಗರು ಭಾರದ ಡಬ್ಬ ಟಿ.ವಿ.ಗಳನ್ನು ಹೊತ್ತು ತರುವುದು ಶೋಕಿಗಲ್ಲ, ತಡವಿಲ್ಲದ ಪರದೆ ಬೇಕೆಂದು.

ಆದರೆ ಸೆಟ್ಟು ಸಿಕ್ಕರೂ ಸಿಗದ ಒಂದು ಸಂಗತಿಯಿದೆ. ಪಕ್ಕದ ಕೋಣೆಯಲ್ಲಿ ಟಿ.ವಿ. ಹಾಕಿದ್ದು, ದನಿ ಪೂರ್ತಿ ತಗ್ಗಿಸಿದ್ದರೂ, ಚಿಕ್ಕವರಿದ್ದಾಗ ನಮಗೆ ಗೊತ್ತಾಗುತ್ತಿತ್ತು. ಸೂಜಿಯಂಥ ಸಣ್ಣ ಕೀರಲು. ರಿಪೇರಿಯವರು ಇಎಚ್‌ಟಿ ಎನ್ನುವ ಟ್ರಾನ್ಸ್‌ಫಾರ್ಮರ್ ಪ್ರತಿ ಗೆರೆಗೂ ಒಮ್ಮೆ ಕಂಪಿಸಿ 15,625 ಹರ್ಟ್ಸ್‌ನಲ್ಲಿ ಹಾಡುವ ಸದ್ದು ಅದು. ಅಪ್ಪ ಅಮ್ಮನಿಗೆ ಕೇಳಿಸುತ್ತಿರಲಿಲ್ಲ. ಒಳಕಿವಿಯ ಕಾಕ್ಲಿಯಾದಲ್ಲಿ ತಾರಸ್ಥಾಯಿಯನ್ನು ಹಿಡಿಯುವ ರೋಮಕೋಶಗಳು ಬುಡದಲ್ಲಿವೆ, ವಯಸ್ಸಾದಂತೆ ಮೊದಲು ಸವೆಯುವುದೂ ಅವೇ. ಸವೆದರೆ ಮತ್ತೆ ಹುಟ್ಟುವುದಿಲ್ಲ. ನಲವತ್ತು ದಾಟಿದ ಹೆಚ್ಚಿನವರು ಅದೇ ಟಿ.ವಿ. ಮುಂದೆ ಕೂತರೂ ಅದು ಮೌನವಾಗಿರುತ್ತದೆ.

ಉಳಿದದ್ದನ್ನು ಹಿಂದಕ್ಕೆ ತರುವ ಯತ್ನಗಳೇನೋ ನಡೆದಿವೆ. ಎಮ್ಯುಲೇಟರ್ ತಂತ್ರಾಂಶಗಳು ಗೆರೆ, ಮಸುಕು, ಗಾಜಿನ ಬಾಗನ್ನೂ ಲೆಕ್ಕಹಾಕಿ ಚಿತ್ರಿಸುತ್ತವೆ. ನಳಿಗೆಯಲ್ಲಿ ಕ್ಯಾಮೆರಾ ಇಟ್ಟು, ಪರದೆಯ ಸುತ್ತ ಬಿಳಿ ಅಂಚು ಹಾಕಿ, ಆ ಅಂಚನ್ನು ನೋಡಿ ಗುರಿ ಲೆಕ್ಕಹಾಕುವ ಹೊಸ ಗನ್ನುಗಳಿವೆ. ಟ್ಯೂಬುಗಳ ದೊಡ್ಡ ಕಾರ್ಖಾನೆಗಳು ಮಾತ್ರ ಮುಚ್ಚಿಹೋಗಿವೆ. ನಮ್ಮ ಬೆಂಗಳೂರಿನ ಬಿಇಎಲ್ ಕೂಡ 1970ರ ದಶಕದಲ್ಲಿ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್ ತಯಾರಿಸುತ್ತಿತ್ತು. ಮನೆಯಲ್ಲಿ ಇನ್ನೂ ಒಂದು ಸೆಟ್ ಉಳಿದಿದ್ದರೆ ಕುತೂಹಲಕ್ಕೆಂದು ಹಿಂದಿನ ಕವಚ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬ್ ಸಾವಿರಾರು ವೋಲ್ಟಿನ ಹೊರೆ ಹಿಡಿದಿಟ್ಟುಕೊಂಡಿರಬಲ್ಲದು. ಬೇಡವೆನಿಸಿದರೆ ಬೀದಿಯ ಗುಜರಿಗೆ ಕೊಡುವುದೂ ಬೇಡ. ಎಕ್ಸ್-ಕಿರಣ ತಡೆಯಲೆಂದು ಆ ಗಾಜಿಗೆ ಸೀಸ ಬೆರೆಸಿರುತ್ತಾರೆ, ದೊಡ್ಡ ಟ್ಯೂಬಾದರೆ ಕಿಲೋಗೂ ಮೀರಿ. ಒಡೆದು ಮಣ್ಣಿಗೆ ಹಾಕುವವರ ಕೈಗಿಂತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸುವುದು ಮೇಲು, ಅಥವಾ ಇಂಥದ್ದನ್ನೇ ಹುಡುಕುತ್ತಿರುವ ಹಳೆಯ ಆಟಗಳ ಹುಚ್ಚರಿಗೆ.